ಗದ್ದೆ ಕೆಲಸಕ್ಕೆ ಗಟ್ಟಿ ಲ್ಯಾಪ್‌ಟಾಪ್: ಮೂರು ಬಗೆ ಬಳಸಿದ ಮೇಲೆ

ಮಂಡ್ಯ, ಪಾಂಡವಪುರದ ಸುತ್ತ ಜಮೀನು ಅಳೆಯುವ ಕೆಲಸ ನನ್ನದು. ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ಏರಿ, ಕಬ್ಬಿನ ಗದ್ದೆಯ ಬದು, ಆಲೆಮನೆಯ ಮುಂದಿನ ಕಲ್ಲುಚಪ್ಪಡಿ, ಎಲ್ಲೆಂದರಲ್ಲಿ ಲ್ಯಾಪ್‌ಟಾಪ್ ತೆರೆಯಬೇಕಾಗುತ್ತದೆ. ರಬ್ಬರ್ ಕವಚ ತೊಡಿಸಿದ ಮಾಮೂಲಿ ಯಂತ್ರ, ಐಪಿ53 ದರ್ಜೆಯ ಅರೆಗಟ್ಟಿ ಯಂತ್ರ, ಐಪಿ65 ದರ್ಜೆಯ ಪೂರ್ತಿ ಗಟ್ಟಿ ಯಂತ್ರ, ಮೂರನ್ನೂ ಹೊತ್ತು ತಿರುಗಿದ್ದೇನೆ. ಐಪಿ ಎಂದರೆ ಯಂತ್ರದೊಳಗೆ ಧೂಳು, ನೀರು ಹೋಗದಂತೆ ಎಷ್ಟು ತಡೆಯಿದೆ ಎಂದು ಹೇಳುವ ದರ್ಜೆ.

ಮಾಮೂಲಿ ಯಂತ್ರದ ಬಗ್ಗೆ ಹೆಚ್ಚು ಮಾತು ಬೇಡ. ಕವಚ ಮೂಲೆಗೆ ಬೀಳುವ ಪೆಟ್ಟು ತಡೆಯುತ್ತದೆ, ಧೂಳನ್ನಲ್ಲ. ಬಿಸಿಲಲ್ಲಿ ಪರದೆಯ ಮೇಲೆ ನಕ್ಷೆಯ ಬದಲು ನಮ್ಮ ಮುಖವೇ ಕಾಣುತ್ತದೆ.

ಉಳಿದೆರಡರ ಪೈಕಿ ಐಪಿ65 ಮೇಲು ಎಂದು ಅಂಗಡಿಯವರು ಕಣ್ಣುಮುಚ್ಚಿ ಹೇಳುತ್ತಾರೆ. ಕಾಗದದ ಮೇಲೆ ನಿಜವೇ. ಮೊದಲ ಅಂಕಿ ಧೂಳಿನದು: 5 ಎಂದರೆ ಕೆಲಸ ಕೆಡದಷ್ಟು ಧೂಳು ಒಳಹೋಗಬಹುದು, 6 ಎಂದರೆ ಹೋಗುವಂತಿಲ್ಲ. ಎರಡನೆಯದು ನೀರಿನದು: 3 ಮಳೆಯ ಎರಚಲಿಗೆ ಸಾಕು, 5 ಪೈಪಿನ ಧಾರೆಯನ್ನೂ ತಾಳುತ್ತದೆ. ಆದರೆ ವೈರು ಚುಚ್ಚುವ ಕಿಂಡಿಗಳ ಮುಚ್ಚಳವೆಲ್ಲ ಬಿಗಿಯಾಗಿ ಕೂತಿದ್ದರೆ ಮಾತ್ರ ಈ ಲೆಕ್ಕ. ನನ್ನ ಐಪಿ65 ಯಂತ್ರಕ್ಕಿದ್ದದ್ದು ಒಂದೇ ಬ್ಯಾಟರಿ. ಮಧ್ಯಾಹ್ನದ ಹೊತ್ತಿಗೆ ಜೀಪಿನಿಂದ ವೈರು ಎಳೆದು ಚಾರ್ಜಿಗೆ ಹಾಕಲೇಬೇಕು. ಆಗ ಮುಚ್ಚಳ ತೆರೆದೇ ಇರುತ್ತದೆ. ಆಲೆಮನೆಯ ಹತ್ತಿರ ಹಾಗೆ ಕೆಲಸ ಮಾಡಿದ ಮೇಲೆ ನೋಡಿದರೆ, ಮುಚ್ಚಳದ ರಬ್ಬರ್ ಅಂಚಿಗೆ ಕಬ್ಬಿನ ಸಿಪ್ಪೆಯ ನಾರು ಬೆಲ್ಲದ ಅಂಟಿನೊಂದಿಗೆ ಮೆತ್ತಿಕೊಂಡಿತ್ತು. ಒಂದು ಕೂದಲೆಳೆ ಅಡ್ಡವಿದ್ದರೂ ನೀರಿಗೆ ಅದು ದಾರಿ. ಒದ್ದೆ ಬಟ್ಟೆಯಲ್ಲಿ ಒರೆಸಿ ಒಣಗಿಸಿಯೇ ಮುಚ್ಚಬೇಕು. ಥಿನ್ನರ್, ಪೆಟ್ರೋಲ್ ಮುಟ್ಟಿಸಿದರೆ ರಬ್ಬರೇ ಹಾಳು.

ಅರೆಗಟ್ಟಿ ಯಂತ್ರದಲ್ಲಿ ಚಾಲೂ ಇರುವಾಗಲೇ ಬ್ಯಾಟರಿ ಬದಲಿಸಬಹುದು. ಅಳತೆಯ ರಿಸೀವರ್ (ಉಪಗ್ರಹದ ಸಂಕೇತ ಹಿಡಿದು ಜಾಗ ಗುರುತಿಸುವ ಸಾಧನ) ಬ್ಲೂಟೂತ್‌ನಲ್ಲೇ ಸೇರಿಕೊಳ್ಳುವುದರಿಂದ ಬೆಳಗ್ಗೆಯಿಂದ ಸಂಜೆವರೆಗೆ ಒಂದು ಕಿಂಡಿಯನ್ನೂ ತೆರೆಯದೆ ದಿನ ಸಾಗುತ್ತದೆ. ತೂಕ 2 ಕಿಲೋ ಆಸುಪಾಸು. ಐಪಿ65 ಯಂತ್ರ 3 ಕಿಲೋ ಮೀರುತ್ತದೆ. ನಾಟಿ ಗದ್ದೆಯ ಜಾರುವ ಬದುವಿನ ಮೇಲೆ ಆ ಒಂದು ಕಿಲೋ ಏನೆಂದು ತೋಳಿಗೆ ಗೊತ್ತು.

ಬೀಳಿಸಿ ಪರೀಕ್ಷಿಸಿದ್ದಾರೆಂಬ ಹೆಗ್ಗಳಿಕೆಯನ್ನೂ ಅಳೆದು ನಂಬಬೇಕು. ಅಮೆರಿಕದ ಸೇನೆಯ ಮಿಲ್-ಎಸ್‌ಟಿಡಿ-810 ಮಾನದಂಡದಲ್ಲಿ 6 ಮುಖ, 12 ಅಂಚು, 8 ಮೂಲೆ ಸೇರಿ 26 ಸಲ ಬೀಳಿಸುತ್ತಾರೆ. ಆ 26ನ್ನು ಐದು ಯಂತ್ರಗಳವರೆಗೆ ಹಂಚಿಕೊಳ್ಳಲು ಅವಕಾಶವಿದೆ! ಪರೀಕ್ಷೆಯನ್ನು ತಯಾರಕರೇ ಮಾಡಿಕೊಂಡರೂ ಅಡ್ಡಿಯಿಲ್ಲ.

ಬಿಸಿಲಿನ ವಿಷಯದಲ್ಲಿ ಎರಡೂ ಒಂದೇ. ಲಿಥಿಯಂ ಅಯಾನ್ ಬ್ಯಾಟರಿಯನ್ನು ಸಾಮಾನ್ಯವಾಗಿ 45 ಡಿಗ್ರಿ ಸೆಲ್ಸಿಯಸ್ ಮೀರಿದ ಮೇಲೆ ಚಾರ್ಜ್ ಮಾಡಬಾರದು. ಏಪ್ರಿಲಿನಲ್ಲಿ ಗಾಜು ಏರಿಸಿ ನಿಲ್ಲಿಸಿದ ಜೀಪು ಆ ಮಟ್ಟ ಮುಟ್ಟಲು ಹೆಚ್ಚು ಹೊತ್ತು ಬೇಡ. ಕಾದ ಯಂತ್ರವನ್ನು ತೊಡೆಯ ಮೇಲಿಟ್ಟುಕೊಳ್ಳಲೂಬಾರದು. ಮೈ ಲೋಹದ್ದಾದರೆ ಚುರುಕ್ ಎನ್ನುತ್ತದೆ.

ನಾಲೆಯೊಳಗೆ ಇಳಿದು ಕೆಲಸ ಮಾಡುವವರಿಗೆ ಐಪಿ65 ಬೇಕೇ ಬೇಕು. ನನ್ನಂತಹವರಿಗೆ ಅರೆಗಟ್ಟಿ ಯಂತ್ರ, ಜೊತೆಗೆ ಹೆಚ್ಚುವರಿ ಬ್ಯಾಟರಿ ಸಾಕು. ಹಳೆಯದನ್ನು ಕೊಳ್ಳುವುದಾದರೆ ಪ್ರತಿ ಮುಚ್ಚಳದ ರಬ್ಬರನ್ನೂ ಬೆರಳಿನಿಂದ ಒತ್ತಿ ನೋಡಿ. ಬಿರುಕು ಬಿಟ್ಟಿದ್ದರೆ ಬೆಲೆ ಇಳಿಸಲು ಹೇಳಿ. ಬ್ಯಾಟರಿ ಉಬ್ಬಿದ್ದರೆ ಬೆಲೆಯ ಮಾತೇ ಬೇಡ, ಬಿಟ್ಟು ಬನ್ನಿ.