ಬೇಸಿಗೆಯ ಆಕಾಶ, ಪುಟ್ಟ ವಿಮಾನ ಮತ್ತು ವಿಂಡಿ: ಮೂರು ಬೇಸಿಗೆಗಳ ಬಳಕೆಯ ನಂತರ

ವಿಂಡಿ ಎಂಬ ಹವಾಮಾನ ಆ್ಯಪ್ ಅನ್ನು ಕಳೆದ ಮೂರು ಬೇಸಿಗೆಗಳಲ್ಲಿ ದಿನಕ್ಕೆರಡು ಸಲವಾದರೂ ತೆರೆದು ನೋಡಿದ್ದೇನೆ. ಉತ್ತರ ಬೆಂಗಳೂರಿನ ನಮ್ಮ ಮನೆಯ ತಾರಸಿಯಲ್ಲಿ ಒಂದು ಮಳೆಮಾಪಕವಿದೆ. ಜಕ್ಕೂರಿನ ಮೈದಾನದಿಂದ ಏಳುವ ಪುಟ್ಟ ವಿಮಾನಗಳು ಕಣ್ಣಿಗೆ ಬೀಳುವುದೂ ಅದೇ ತಾರಸಿಯಿಂದ. ಮೋಡ ನೋಡುವ ಹುಚ್ಚು ನನಗೆ ಮೊದಲಿನಿಂದಲೂ ಇತ್ತು. ಖಾಸಗಿ ಪೈಲಟ್ ಪರವಾನಗಿ ಇರುವ ಸ್ನೇಹಿತರೊಬ್ಬರ ಪಕ್ಕದ ಸೀಟಿನಲ್ಲಿ ನಾಲ್ಕೈದು ಬಾರಿ ಕುಳಿತು ಬಂದ ಮೇಲೆ, ಅದೇ ಮೋಡವನ್ನು ಕೆಳಗಿನಿಂದ ನೋಡುವುದಕ್ಕೂ ಅದರ ಪಕ್ಕದಲ್ಲಿ ಹಾರುವುದಕ್ಕೂ ಇರುವ ವ್ಯತ್ಯಾಸ ಅರ್ಥವಾಯಿತು. ಆದ್ದರಿಂದ ಈ ವಿಮರ್ಶೆಯಲ್ಲಿ ನಾನು ಕೇಳಿಕೊಳ್ಳುತ್ತಿರುವ ಪ್ರಶ್ನೆ ಒಂದೇ: ದಕ್ಷಿಣ ಒಳನಾಡಿನ ಏಪ್ರಿಲ್–ಮೇ ತಿಂಗಳ ಆಕಾಶದಲ್ಲಿ ಒಂದೇ ಎಂಜಿನ್ನಿನ ವಿಮಾನ ಏರಬೇಕೋ ಬೇಡವೋ ಎಂಬುದನ್ನು ನಿರ್ಧರಿಸುವವರಿಗೆ ಈ ಆ್ಯಪ್ ಎಷ್ಟರ ಮಟ್ಟಿಗೆ ನೆರವಾಗುತ್ತದೆ?

ವಿಂಡಿ ಜೆಕ್ ದೇಶದ್ದು. ಸ್ವತಃ ವಿಮಾನ ಹಾರಿಸುವ ಉದ್ಯಮಿ ಇವೊ ಲುಕಾಚೊವಿಚ್ ಅವರು 2014ರಲ್ಲಿ ಇದನ್ನು ಆರಂಭಿಸಿದರು. ಇದು ತಾನೇ ಮುನ್ಸೂಚನೆ ತಯಾರಿಸುವುದಿಲ್ಲ. ಯುರೋಪಿನ ಮುನ್ಸೂಚನಾ ಕೇಂದ್ರದ ಮಾದರಿ, ಅಮೆರಿಕದ ಜಿಎಫ್‌ಎಸ್, ಜರ್ಮನಿಯ ಐಕಾನ್ ಮೊದಲಾದ ಕಂಪ್ಯೂಟರ್ ಮಾದರಿಗಳ ಫಲಿತಾಂಶವನ್ನು ನಕಾಶೆಯ ಮೇಲೆ ಬಣ್ಣವಾಗಿಯೂ ಹರಿಯುವ ಗೆರೆಗಳಾಗಿಯೂ ತೋರಿಸುತ್ತದೆ. ಜಾಹೀರಾತುಗಳ ಕಾಟವಿಲ್ಲ. ಹಳೆಯ ಫೋನಿನಲ್ಲೂ ಸರಾಗವಾಗಿ ಓಡುತ್ತದೆ. ನೋಡಲು ಚಂದ ಎಂಬುದರಲ್ಲಿ ಎರಡು ಮಾತಿಲ್ಲ, ಆದರೆ ಆ ಚಂದವೇ ಅದರ ಮೊದಲ ಅಪಾಯ ಎಂಬುದು ನನ್ನ ಅಭಿಪ್ರಾಯ. ಅಷ್ಟು ನಯವಾಗಿ ಹರಿಯುವ ಗೆರೆಗಳನ್ನು ಕಂಡಾಗ ಗಾಳಿ ನಿಜಕ್ಕೂ ಹಾಗೆಯೇ ಬೀಸುತ್ತಿದೆ ಎಂದು ಮನಸ್ಸು ನಂಬಿಬಿಡುತ್ತದೆ.

ಇದು ಎಲ್ಲಿ ಗೆಲ್ಲುತ್ತದೆ ಎಂಬುದನ್ನು ಮೊದಲು ಹೇಳುತ್ತೇನೆ. ಪಂಚಾಂಗದ ಭರಣಿ, ಕೃತ್ತಿಕೆ ಮಳೆಗಳ ಅವಧಿಯಲ್ಲಿ ನಮ್ಮ ಕಡೆ ಗುಡುಗು ಮಳೆ ಬರುವುದಕ್ಕೆ ಮುಖ್ಯ ಕಾರಣಗಳಲ್ಲೊಂದು, ವಿದರ್ಭ ಅಥವಾ ಮಹಾರಾಷ್ಟ್ರದ ಕಡೆಯಿಂದ ಕರ್ನಾಟಕದ ಒಳನಾಡಿನ ಮೂಲಕ ತಮಿಳುನಾಡಿನ ದಕ್ಷಿಣದವರೆಗೆ ಚಾಚಿಕೊಳ್ಳುವ, ಗಾಳಿಯ ದಿಕ್ಕು ಥಟ್ಟನೆ ಬದಲಾಗುವ ಒಂದು ರೇಖೆ. ಹವಾಮಾನ ಇಲಾಖೆಯ ದೈನಂದಿನ ವರದಿಯಲ್ಲಿ ಇದರ ಉಲ್ಲೇಖವನ್ನು ಅನೇಕರು ಓದಿರುತ್ತಾರೆ, ಆದರೆ ಅದು ಕಣ್ಣಿಗೆ ಕಾಣುವುದು ವಿಂಡಿಯಲ್ಲಿ ಎತ್ತರವನ್ನು 1500 ಮೀಟರಿಗೆ ಏರಿಸಿದಾಗ. ಒಂದು ಬದಿಯಲ್ಲಿ ಬಂಗಾಳ ಕೊಲ್ಲಿಯ ತೇವದ ಗಾಳಿ, ಇನ್ನೊಂದು ಬದಿಯಲ್ಲಿ ಒಣಗಾಳಿ, ನಡುವೆ ಸೀರೆಯ ಮಡಿಕೆಯಂತೆ ಒಂದು ಗೆರೆ. ಆ ಗೆರೆ ತುಮಕೂರು, ಕೋಲಾರಗಳ ನಡುವೆ ಎಲ್ಲಿ ನಿಂತಿದೆ ಎಂಬುದನ್ನು ಹಿಂದಿನ ರಾತ್ರಿಯೇ ನೋಡಿಕೊಂಡರೆ, ಮರುದಿನ ಮಧ್ಯಾಹ್ನ ಯಾವ ದಿಕ್ಕಿನ ಆಕಾಶದ ಮೇಲೆ ಕಣ್ಣಿಡಬೇಕು ಎಂಬುದು ಬಹುತೇಕ ತಿಳಿದಂತೆಯೇ. ಈ ಒಂದು ಕೆಲಸಕ್ಕೆ ವಿಂಡಿಗೆ ಸರಿಸಾಟಿಯಾದ ಇನ್ನೊಂದು ಉಚಿತ ಸಾಧನವನ್ನು ನಾನು ಬಳಸಿಲ್ಲ.

ಆದರೆ ಇದೇ ಎತ್ತರದ ಪಟ್ಟಿಯಲ್ಲಿ, ಪ್ರಸ್ಥಭೂಮಿಯ ಮೇಲೆ ಬದುಕುವ ನಮಗಾಗಿ ಕಾದಿರುವ ಒಂದು ಬಲೆಯೂ ಇದೆ. ಆ್ಯಪ್‌ನಲ್ಲಿ 600 ಮೀಟರ್, 750 ಮೀಟರ್ ಎಂದು ಕಾಣುವ ಎತ್ತರಗಳು ನಿಜದಲ್ಲಿ 950 ಮತ್ತು 925 ಹೆಕ್ಟೊಪಾಸ್ಕಲ್ (ಗಾಳಿಯ ಒತ್ತಡದ ಅಳತೆ; ಮೇಲೇರಿದಂತೆ ಇದು ಇಳಿಯುತ್ತದೆ) ಒತ್ತಡದ ಮಟ್ಟಗಳು. ಅವುಗಳನ್ನು ಸಮುದ್ರಮಟ್ಟದಿಂದ ಎಣಿಸಬೇಕು. ಬೆಂಗಳೂರಿನ ನೆಲವೇ ಸುಮಾರು 920 ಮೀಟರ್ ಎತ್ತರದಲ್ಲಿದ್ದು, ಇಲ್ಲಿನ ನೆಲಮಟ್ಟದ ಒತ್ತಡ ಸುಮಾರು 910 ಹೆಕ್ಟೊಪಾಸ್ಕಲ್ ಆಗಿರುವುದರಿಂದ, ಆ ಎರಡು ಪದರಗಳಲ್ಲಿ ನಮ್ಮ ಊರಿನ ಮೇಲೆ ಹರಿಯುವ ಗೆರೆಗಳು ವಾಸ್ತವವಾಗಿ ಮಣ್ಣಿನೊಳಗೆ ಹರಿಯುತ್ತಿರುತ್ತವೆ. ಮಾದರಿಯು ಲೆಕ್ಕದ ಅನುಕೂಲಕ್ಕಾಗಿ ಅಲ್ಲಿಯೂ ಒಂದು ಸಂಖ್ಯೆಯನ್ನು ತುಂಬಿರುತ್ತದೆ, ಅಷ್ಟೇ. ನೆಲದಿಂದ 600 ಮೀಟರ್ ಮೇಲೆ ಹಾರುವವರು ನೋಡಬೇಕಾದದ್ದು 1500 ಮೀಟರಿನ ಪದರವನ್ನು. ಮಂಗಳೂರಿನವರಿಗೆ ಈ ತೊಂದರೆಯಿಲ್ಲ. ಮೊದಲ ಬೇಸಿಗೆಯಿಡೀ ನಾನು ಭೂಗತ ಗಾಳಿಯನ್ನೇ ಗಂಭೀರವಾಗಿ ಅಧ್ಯಯನ ಮಾಡಿದ್ದೆ ಎಂಬುದನ್ನು ಸಂಕೋಚದಿಂದಲೇ ಒಪ್ಪಿಕೊಳ್ಳುತ್ತೇನೆ.

ಹವಾಮಾನದ ಹುಚ್ಚಿರುವವರೆಲ್ಲ ಮೊದಲು ಬೆರಳಿಡುವುದು ಕೇಪ್ ಎಂಬ ಪದರದ ಮೇಲೆ. ನೆಲದ ಬಳಿಯ ಬಿಸಿ, ತೇವದ ಗಾಳಿ ಒಮ್ಮೆ ಮೇಲೇರಲು ತೊಡಗಿದರೆ ಅದಕ್ಕೆ ಎಷ್ಟು ಶಕ್ತಿ ದೊರೆಯಬಹುದು ಎಂಬುದರ ಅಳತೆ ಅದು. ಕಿಲೋಗ್ರಾಮಿಗೆ 1000 ಜೌಲ್ ದಾಟಿದರೆ ಗುಡುಗಿಗೆ ಸಾಕಷ್ಟು ಇಂಧನವಿದೆ ಎಂದೂ, 2500 ದಾಟಿದರೆ ಬಿರುಸಿನ ಮೋಡಗಳಿಗೆ ಸಾಲುವಷ್ಟಿದೆ ಎಂದೂ ಸ್ಥೂಲವಾಗಿ ತಿಳಿಯಬಹುದು. ಆದರೆ ಒಲೆಯಲ್ಲಿ ಸೌದೆ ಒಟ್ಟಿದ್ದಾರೆ ಎಂದ ಮಾತ್ರಕ್ಕೆ ಅಡುಗೆ ಆಯಿತೆಂದಲ್ಲ, ಕಡ್ಡಿ ಗೀರುವವರೂ ಬೇಕು. ಒಂದೆರಡು ಕಿಲೋಮೀಟರ್ ಎತ್ತರದಲ್ಲಿ ಬೆಚ್ಚನೆಯ ಒಣಗಾಳಿಯ ಪದರವೊಂದು ಮುಚ್ಚಳದಂತೆ ಕುಳಿತಿದ್ದರೆ ಕೇಪ್ 3000 ಇದ್ದರೂ ಇಡೀ ದಿನ ಆಕಾಶ ನಿರ್ಮಲವಾಗಿಯೇ ಉಳಿಯಬಹುದು. ಅಥವಾ ಸಂಜೆ ನಾಲ್ಕಕ್ಕೆ ಆ ಮುಚ್ಚಳ ಒಂದು ಕಡೆ ಬಿರುಕು ಬಿಟ್ಟು, ಅರ್ಧ ಗಂಟೆಯೊಳಗೆ ಮೋಡವೊಂದು ಹನ್ನೆರಡು ಕಿಲೋಮೀಟರ್ ಮೇಲಕ್ಕೆ ಎದ್ದು ನಿಲ್ಲಬಹುದು.

ಈ ಎರಡರಲ್ಲಿ ಯಾವುದು ಎಲ್ಲಿ ನಡೆಯುತ್ತದೆ ಎಂಬುದನ್ನು ವಿಂಡಿ ಹೇಳಲಾರದು, ಮತ್ತು ಅದು ಆ್ಯಪ್‌ನ ತಪ್ಪಲ್ಲ. ಯುರೋಪಿನ ಮಾದರಿಯ ಒಂದೊಂದು ಚೌಕ ಸುಮಾರು 9 ಕಿಲೋಮೀಟರ್ ಅಗಲದ್ದು. ಗುಡುಗು ಮೋಡದೊಳಗೆ ಗಾಳಿ ಮೇಲೇರುವ ಕಂಬ ಅದಕ್ಕಿಂತ ಎಷ್ಟೋ ಕಿರಿದು. ಹಾಗಾಗಿ ಮಾದರಿಯು ಒಂದೊಂದು ಮೋಡವನ್ನು ಬಿಡಿಸಿ ತೋರಿಸುವುದಿಲ್ಲ. ಈ ಪ್ರದೇಶದಲ್ಲಿ ಇಂಥ ಮೋಡಗಳಿಂದ ಸರಾಸರಿ ಇಷ್ಟು ಮಳೆಯಾದೀತು ಎಂದು ಅಂದಾಜಿಸುತ್ತದೆ. ಯಲಹಂಕದಲ್ಲಿ ಆಲಿಕಲ್ಲು ಬಿದ್ದು ಹೆಬ್ಬಾಳದಲ್ಲಿ ರಸ್ತೆ ಒಣಗಿಯೇ ಇರುವುದನ್ನು ಕಂಡ ನಮಗೆ ಈ ಸರಾಸರಿಯ ಮಿತಿಯನ್ನು ಹೆಚ್ಚು ವಿವರಿಸಬೇಕಿಲ್ಲ. ತಾರಸಿಯ ಮಳೆಮಾಪಕಕ್ಕೆ ಈ ಮಿತಿ ಒಂದು ತಮಾಷೆ. ಅದೇ ಹೊತ್ತಿಗೆ ಜಕ್ಕೂರಿನ ರನ್‌ವೇಗೆ ಇಳಿಯಲು ಬರುತ್ತಿರುವವರಿಗೆ ತಮಾಷೆಯಲ್ಲ.

ನಮ್ಮ ಬೇಸಿಗೆಯ ಏರಿಳಿತಗಳೂ ಈಗ ಹಳೆಯ ಅಂದಾಜಿಗೆ ಸುಲಭವಾಗಿ ಸಿಕ್ಕುವಂಥವಲ್ಲ. 2016ರ ಏಪ್ರಿಲ್ 24ರಂದು ಬೆಂಗಳೂರಿನಲ್ಲಿ 39.2 ಡಿಗ್ರಿ ಸೆಲ್ಸಿಯಸ್ ದಾಖಲಾಯಿತು. 2024ರ ಏಪ್ರಿಲ್ 28ರಂದು 38.5 ಡಿಗ್ರಿ ತಲುಪಿತು. ಮಳೆಮಾಪಕಗಳು ಒಣಗಿ ಕುಳಿತ ಆ ತಿಂಗಳು ಕಳೆದು ಐದು ವಾರಗಳಾಗುವಷ್ಟರಲ್ಲಿ, ಜೂನ್ 2ರಂದು, ಒಂದೇ ದಿನ 111.1 ಮಿಲಿಮೀಟರ್ ಮಳೆ ಸುರಿದು, ಜೂನ್ ತಿಂಗಳ ಒಂದು ದಿನದ ಮಳೆಗೆ 1891ರಿಂದ ಉಳಿದುಬಂದಿದ್ದ ದಾಖಲೆ ಮುರಿಯಿತು. ಅಂದು ಉರುಳಿದ ಮರಗಳನ್ನು ನೋಡಿದವರಿಗೆ, ಮಳೆಗಿಂತ ಮುಂಚೆ ಬಂದ ಗಾಳಿಯೂ ನೆನಪಿರುತ್ತದೆ.

ಪೈಲಟ್‌ಗಳ ಮಾತಿನಲ್ಲಿ ಕೇಳಿಬರುವ, ಆದರೆ ಮೋಡ ನೋಡುವವರ ಗಮನಕ್ಕೆ ಅಷ್ಟಾಗಿ ಬಾರದ ಇನ್ನೊಂದು ವಿಷಯವಿದೆ. ಬೇಸಿಗೆಯಲ್ಲಿ ಪುಟ್ಟ ವಿಮಾನಕ್ಕೆ ಅಪಾಯ ಬರುವುದು ಮೋಡದಿಂದ ಮಾತ್ರ ಎಂದುಕೊಳ್ಳುವಂತಿಲ್ಲ. ಒಂದು ತುಣುಕು ಮೋಡವೂ ಇಲ್ಲದ ಮಧ್ಯಾಹ್ನದಲ್ಲೂ ಬಿಸಿಗಾಳಿ ತೆಳ್ಳಗಾಗಿರುತ್ತದೆ. ಇದನ್ನು ಡೆನ್ಸಿಟಿ ಆಲ್ಟಿಟ್ಯೂಡ್ ಎಂಬ ಲೆಕ್ಕದಲ್ಲಿ ಹೇಳುತ್ತಾರೆ: ಈ ಗಾಳಿ ಎಷ್ಟು ಎತ್ತರದ ಗಾಳಿಯಷ್ಟು ತೆಳುವಾಗಿದೆ ಎಂಬುದು ಅದರ ಅರ್ಥ. ಜಕ್ಕೂರಿನ ನೆಲದಂತೆ ಸುಮಾರು 3000 ಅಡಿಯ ಎತ್ತರದಲ್ಲಿ ಪ್ರಮಾಣಿತ ತಾಪಮಾನ 9 ಡಿಗ್ರಿ; ಅದಕ್ಕಿಂತ ಹೆಚ್ಚುವ ಪ್ರತಿ ಡಿಗ್ರಿಗೆ ಸುಮಾರು 120 ಅಡಿ ಕೂಡಿಸಬೇಕು. ಬೆಳಿಗ್ಗೆ 22 ಡಿಗ್ರಿ ಇದ್ದಾಗ ಜಕ್ಕೂರಿನ ನೆಲದ ಮೇಲೆ ನಿಂತಿರುವ ವಿಮಾನಕ್ಕೆ ಅದು ಸುಮಾರು 4,500 ಅಡಿ ಎತ್ತರದ ಅನುಭವ. ಮಧ್ಯಾಹ್ನ 36 ಡಿಗ್ರಿಯಾದಾಗ ಅದೇ ನೆಲ 6,200 ಅಡಿಯಾಗುತ್ತದೆ. ಆಗ ಗಾಳಿಯ ಸಾಂದ್ರತೆ ಸಮುದ್ರಮಟ್ಟದ ಪ್ರಮಾಣಿತ ಗಾಳಿಗಿಂತ ಸುಮಾರು ಆರನೇ ಒಂದು ಭಾಗದಷ್ಟು ಕಡಿಮೆ. ಎಂಜಿನ್ನಿಗೆ ಉಸಿರು ಕಡಿಮೆ, ಪ್ರೊಪೆಲ್ಲರಿಗೆ ಹಿಡಿತ ಕಡಿಮೆ, ರೆಕ್ಕೆಗೆ ಆಧಾರವೂ ಕಡಿಮೆ. ನೆಲ ಬಿಡಲು ಸಮುದ್ರಮಟ್ಟಕ್ಕಿಂತ ಸುಮಾರು ಶೇ. 10ರಷ್ಟು ಹೆಚ್ಚು ವೇಗದಲ್ಲಿ ಓಡಬೇಕು, ಅದನ್ನು ತಲುಪಲು ರನ್‌ವೇಯ ಉದ್ದ ಇನ್ನೂ ಹೆಚ್ಚು ಬೇಕು. ವಿಂಡಿಯ ತಾಪಮಾನದ ಪದರ ಕೆಂಪಾಗಿ ಹೊಳೆಯುತ್ತದೆ, ಅಷ್ಟೇ. ಆ ಕೆಂಪಿಗೆ ಎಷ್ಟು ಅಡಿ ಎಂಬ ಲೆಕ್ಕವನ್ನು ನಾವೇ ಹಾಕಿಕೊಳ್ಳಬೇಕು.

ನಾನು ಅತಿ ಹೆಚ್ಚು ಮೆಚ್ಚಿಕೊಂಡ ಸೌಲಭ್ಯವೆಂದರೆ, ನಕಾಶೆಯ ಯಾವುದೇ ಬಿಂದುವನ್ನು ಒತ್ತಿ ತೆರೆಯಬಹುದಾದ ಸೌಂಡಿಂಗ್ ಚಿತ್ರ. ನೆಲದಿಂದ ಮೇಲಕ್ಕೆ ತಾಪಮಾನದ ಗೆರೆಯೊಂದು, ಇಬ್ಬನಿ ಬಿಂದುವಿನ (ಗಾಳಿಯ ತೇವ ಹನಿಯಾಗಲು ತೊಡಗುವ ತಾಪಮಾನದ) ಗೆರೆಯೊಂದು ಅದರಲ್ಲಿ ಕಾಣುತ್ತವೆ. ನೆಲದ ಬಳಿ ಇವೆರಡರ ನಡುವಿನ ವ್ಯತ್ಯಾಸವನ್ನು 125ರಿಂದ ಗುಣಿಸಿದರೆ ಬೆಳ್ಮೋಡಗಳ ತಳ ಸುಮಾರು ಎಷ್ಟು ಮೀಟರ್ ಮೇಲಿರುತ್ತದೆ ಎಂಬುದು ಸಿಗುತ್ತದೆ. 36 ಡಿಗ್ರಿ ಬಿಸಿಲು, 16 ಡಿಗ್ರಿ ಇಬ್ಬನಿ ಬಿಂದು ಇದ್ದರೆ ತಳ 2,500 ಮೀಟರ್ ಮೇಲೆ. ಅಷ್ಟು ಎತ್ತರದಿಂದ ಬೀಳುವ ಮಳೆ ಕೆಳಗಿನ ಒಣಗಾಳಿಯಲ್ಲಿ ಆವಿಯಾಗುತ್ತಾ, ಆ ಗಾಳಿಯನ್ನು ತಣ್ಣಗಾಗಿಸಿ ಭಾರ ಮಾಡಿ, ಕೆಳಕ್ಕೆ ತಳ್ಳುತ್ತದೆ. ನೆಲ ಮುಟ್ಟದ ಮಳೆಯ ಬಿಳಿ ಜಾಲರಿ ಮೋಡದಿಂದ ಇಳಿಬಿದ್ದಿರುವುದನ್ನು ನಾವು ತಾರಸಿಯಿಂದ ಫೋಟೊ ತೆಗೆಯುತ್ತೇವೆ, ಆದರೆ ಅದರ ಕೆಳಗೆ ಕಣ್ಣಿಗೆ ಕಾಣದ ಗಾಳಿಯ ಜಲಪಾತವಿರುತ್ತದೆ. 1975ರ ಜೂನ್ 24ರಂದು ನ್ಯೂಯಾರ್ಕಿನಲ್ಲಿ ಇಳಿಯುತ್ತಿದ್ದ ಈಸ್ಟರ್ನ್ 66 ವಿಮಾನದ ದುರಂತವನ್ನು ಪರಿಶೀಲಿಸುತ್ತಾ ವಿಜ್ಞಾನಿ ಫುಜಿತಾ ಅವರು ಗುರುತಿಸಿದ್ದು ಗುಡುಗು ಮೋಡದಿಂದ ಹೀಗೆ ಧುಮುಕುವ ಗಾಳಿಯನ್ನು. ಅದರೊಳಗೆ ಹೊಕ್ಕ ವಿಮಾನಕ್ಕೆ ಮೊದಲು ಎದುರುಗಾಳಿ ಸಿಕ್ಕಿ ಹುರುಪು ಬಂದಂತಾಗುತ್ತದೆ, ಕೆಲವೇ ಸೆಕೆಂಡುಗಳಲ್ಲಿ ಅದು ಬೆನ್ನುಗಾಳಿಯಾಗಿ ತಿರುಗಿ ರೆಕ್ಕೆಯ ಆಧಾರವನ್ನು ಕಸಿದುಕೊಳ್ಳುತ್ತದೆ. ನೂರಕ್ಕೂ ಹೆಚ್ಚು ಜನರಿದ್ದ ಜೆಟ್ ವಿಮಾನವನ್ನು ಕೆಡವಿದ ಗಾಳಿಗೆ, ಅರವತ್ತು ಚಿಲ್ಲರೆ ನಾಟ್, ಅಂದರೆ ಗಂಟೆಗೆ ಸುಮಾರು 115 ಕಿಲೋಮೀಟರ್ ವೇಗದಲ್ಲಿ ಇಳಿಯುವ ಪುಟ್ಟ ಸೆಸ್ನಾ 172 ವಿಮಾನ ಯಾವ ಲೆಕ್ಕ?

ವಿಮಾನ ನಿಲ್ದಾಣಗಳು ಹೊತ್ತು ಹೊತ್ತಿಗೆ ಕೊಡುವ ಹವಾಮಾನ ವೀಕ್ಷಣೆಗಳಾದ ಮೆಟಾರ್ ವರದಿಗಳನ್ನು ನಕಾಶೆಯಲ್ಲೇ ತೆರೆಯುವಂತೆ ಮಾಡಿರುವುದು ಇನ್ನೊಂದು ನಿಜವಾದ ಉಪಕಾರ. ದೇವನಹಳ್ಳಿಯ ವಿಒಬಿಎಲ್, ಎಚ್‌ಎಎಲ್‌ನ ವಿಒಬಿಜಿ ಎಂಬ ನಿಲ್ದಾಣ ಸಂಕೇತಗಳನ್ನು ಹುಡುಕಿದರೆ ಗಾಳಿ, ಗೋಚರತೆ, ಮೋಡ, ಒತ್ತಡಗಳ ವಿವರ ಬಿಡಿಸಿದ ರೂಪದಲ್ಲೂ ಮೂಲ ಸಂಕೇತದಲ್ಲೂ ದೊರೆಯುತ್ತದೆ. ಮೂಲ ಸಂಕೇತವನ್ನೇ ಓದಲು ಕಲಿಯಿರಿ ಎಂಬುದು ನನ್ನ ಸಲಹೆ. ಮೋಡದ ಎತ್ತರದ ಪಕ್ಕದಲ್ಲಿ ಸಿಬಿ ಎಂಬ ಎರಡಕ್ಷರ ಕಂಡರೆ ಗುಡುಗು ಮೋಡವನ್ನು ನಿಲ್ದಾಣದಲ್ಲೇ ಗುರುತಿಸಿದ್ದಾರೆ ಎಂದರ್ಥ. ಅಲ್ಲಿಗೆ ಮಾದರಿಗಳ ಚರ್ಚೆ ಮುಗಿಯಿತು.

ಕಳೆದ ಮೇ ತಿಂಗಳ ಒಂದು ಶನಿವಾರ ಸಂಜೆ ನಾಲ್ಕಕ್ಕೆ ನಾವಿಬ್ಬರೂ ಹಾರುವುದೆಂದು ನಿಗದಿಯಾಗಿತ್ತು. ವಿಂಡಿಯ ಮಳೆಯ ಪದರದಲ್ಲಿ ನಮ್ಮ ಭಾಗ ರಾತ್ರಿ ಎಂಟರವರೆಗೂ ಖಾಲಿಯಾಗಿಯೇ ಇತ್ತು. ಕೇಪ್ ಮಾತ್ರ ಎರಡು ಸಾವಿರ ದಾಟಿತ್ತು. ಮೂರು ಗಂಟೆಗೆ ನಂದಿ ಬೆಟ್ಟದ ದಿಕ್ಕಿನಲ್ಲಿ ಹೂಕೋಸಿನಂತೆ ಎದ್ದ ಒಂದು ಮೋಡವನ್ನು ನೋಡಿದ ಸ್ನೇಹಿತರು, ಫೋನನ್ನು ಜೇಬಿಗೆ ಹಾಕಿಕೊಂಡು, "ಇವತ್ತು ಕಾಫಿ ಕುಡಿದು ಮನೆಗೆ ಹೋಗೋಣ" ಎಂದರು. ನನಗೆ ನಿರಾಸೆಯಾಯಿತು, ಮಳೆಯ ಪದರವನ್ನು ತೋರಿಸಿ ವಾದಿಸಿದೆ ಕೂಡ. ನಾಲ್ಕೂ ಹತ್ತಕ್ಕೆ ಬೀಸಿದ ಗಾಳಿಗೆ ಕಟ್ಟಿಹಾಕಿದ್ದ ವಿಮಾನಗಳ ರೆಕ್ಕೆಗಳು ಹಗ್ಗವನ್ನು ಎಳೆದಾಡಿದವು. ನನ್ನ ಮಳೆಮಾಪಕದಲ್ಲಿ ಅಂದು ಸಿಕ್ಕಿದ್ದು ಬರೀ 3 ಮಿಲಿಮೀಟರ್. ಮಳೆಯ ಲೆಕ್ಕದಲ್ಲಿ ಮುನ್ಸೂಚನೆ ಬಹುಮಟ್ಟಿಗೆ ಸರಿಯಾಗಿಯೇ ಇತ್ತು ಎಂಬುದು ಇದರಲ್ಲಿನ ವಿಚಿತ್ರ.

ಆದ್ದರಿಂದ ಹೊತ್ತು ನೋಡಿ ಸಾಧನ ಬಳಸುವುದನ್ನು ರೂಢಿಸಿಕೊಂಡಿದ್ದೇನೆ. ಹಿಂದಿನ ರಾತ್ರಿಯೂ ಮುಂಜಾನೆಯೂ ವಿಂಡಿ. ಮಧ್ಯಾಹ್ನದ ನಂತರ ಮೆಟಾರ್, ಕಣ್ಣು, ಮತ್ತು ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆ ರೂಪಿಸಿದ, ಸುತ್ತಲಿನ 20 ಮತ್ತು 40 ಕಿಲೋಮೀಟರ್ ವೃತ್ತದಲ್ಲಿ ಸಿಡಿಲು ಬೀಳುತ್ತಿರುವುದನ್ನು ತೋರಿಸುವ ದಾಮಿನಿ ಆ್ಯಪ್. ಬಿರುಸಿನ ಗುಡುಗು ಮೋಡದಿಂದ 20 ನಾಟಿಕಲ್ ಮೈಲಿ, ಅಂದರೆ 37 ಕಿಲೋಮೀಟರ್ ದೂರವಿರಿ ಎಂಬುದು ಅಮೆರಿಕದ ವಿಮಾನಯಾನ ಪ್ರಾಧಿಕಾರ ಪೈಲಟ್‌ಗಳಿಗೆ ಹೇಳುವ ಮಾತು; ದಾಮಿನಿಯ ಹೊರವೃತ್ತ ಹೆಚ್ಚುಕಡಿಮೆ ಅಷ್ಟೇ ಇರುವುದು ನಮಗೆ ಅನುಕೂಲ.

ಹಣ ಕೊಟ್ಟು ಪಡೆಯುವ ಪ್ರೀಮಿಯಂ ಬೇಕೇ ಎಂದು ಕೇಳುವವರಿಗೆ: ಉಚಿತ ಆವೃತ್ತಿ ಮೂರು ಗಂಟೆಗೊಮ್ಮೆಯ ಮುನ್ಸೂಚನೆ ಕೊಟ್ಟರೆ ಪ್ರೀಮಿಯಂ ಗಂಟೆಗೊಮ್ಮೆಯದನ್ನು ಕೊಡುತ್ತದೆ. ಮುಂಜಾನೆಯ ಮಂಜು ಎಷ್ಟು ಹೊತ್ತಿಗೆ ಕರಗೀತು, ಗಾಳಿ ಎಷ್ಟು ಗಂಟೆಗೆ ದಿಕ್ಕು ಬದಲಿಸೀತು ಎಂಬಂಥ ಪ್ರಶ್ನೆಗಳಿಗೆ ಅದು ಉಪಯುಕ್ತ. ಬೇಸಿಗೆಯ ಗುಡುಗಿಗೆ ಅಷ್ಟೇನೂ ಪ್ರಯೋಜನವಿಲ್ಲ, ಏಕೆಂದರೆ ಗಂಟೆಯನ್ನು ಸಣ್ಣದಾಗಿ ಹೆಚ್ಚಿದರೂ 9 ಕಿಲೋಮೀಟರಿನ ಚೌಕ ಚೌಕವಾಗಿಯೇ ಉಳಿಯುತ್ತದೆ. ಜೊತೆಗೆ ನಮ್ಮ ಬೆಳಿಗ್ಗೆ ಐದೂವರೆಯ ವೀಕ್ಷಣೆಗಳನ್ನು ಆಧರಿಸಿದ ಯುರೋಪಿನ ಲೆಕ್ಕ ತೆರೆಯ ಮೇಲೆ ಬರುವಷ್ಟರಲ್ಲಿ ಮಧ್ಯಾಹ್ನವಾಗಿರುತ್ತದೆ. ನಾನು ಒಂದು ವರ್ಷ ಚಂದಾ ಕಟ್ಟಿ, ಎರಡನೆಯ ವರ್ಷ ನವೀಕರಿಸಲಿಲ್ಲ. ಆ ಹಣದಲ್ಲಿ ತಾರಸಿಗೆ ಒಂದು ಗಾಳಿವೇಗ ಮಾಪಕ ಬಂದಿದೆ. ಮೇ ತಿಂಗಳ ಆ ಶನಿವಾರ ಅದರ ಮುಳ್ಳು 34 ನಾಟ್ ತೋರಿಸಿತ್ತು.