ಲ್ಯಾಮಿ ಸಫಾರಿ ಇಂಕ್ ಪೆನ್: ದೀರ್ಘ ಬಳಕೆಯ ವಿಮರ್ಶೆ, ಪೆನ್ ಪ್ರಿಯರ ವಾದಗಳ ಸಮೇತ

ಮೊದಲ ಇಂಕ್ ಪೆನ್ ಯಾವುದು ಕೊಳ್ಳಲಿ ಎಂದು ಯಾರಾದರೂ ಕೇಳಿದರೆ ಹವ್ಯಾಸಿಗಳಿಂದ ಬರುವ ಮೊದಲ ಉತ್ತರ ಬಹುಪಾಲು ಲ್ಯಾಮಿ ಸಫಾರಿ. ಎರಡನೆಯ ಉತ್ತರ, ‘ಸಫಾರಿ ಒಂದು ಬಿಟ್ಟು ಬೇರೆ ಏನಾದರೂ ಕೊಳ್ಳಿ’. ಮೂರನೆಯವರು ಬಾಯಿ ಹಾಕುವ ಹೊತ್ತಿಗೆ ಮಾತು ಬಂಗಾರದ ನಿಬ್ಬಿಗೆ ಹೊರಳಿರುತ್ತದೆ. ಕೇಳಿದವರಿಗೆ ದಿನಕ್ಕೊಂದು ಪುಟ ಬರೆಯುವ ಪೆನ್ ಬೇಕಿತ್ತು ಅನ್ನುವುದು ಎಲ್ಲರಿಗೂ ಮರೆತು ಹೋಗಿರುತ್ತದೆ. ಆ ಒಂದು ಪುಟ ಬರೆಯುವವರಿಗಾಗಿ ಈ ವಿಮರ್ಶೆ. ಎಫ್ (ಫೈನ್, ಅಂದರೆ ಸಣ್ಣ ಗೀಟಿನ) ನಿಬ್ಬು, ಕನ್ವರ್ಟರ್ (ಬಾಟಲಿಯಿಂದ ಇಂಕ್ ಎಳೆದುಕೊಳ್ಳುವ ಪಿಸ್ಟನ್ ಕೊಳವೆ), ಬಾಟಲಿ ಇಂಕ್, ನಿತ್ಯದ ಬರವಣಿಗೆ. ಈ ಜೋಡಣೆಯಲ್ಲಿ ಸಫಾರಿ ವರ್ಷಗಟ್ಟಲೆ ಹೇಗೆ ನಡೆಯುತ್ತದೆ, ಅದರ ಸುತ್ತ ನಡೆಯುವ ವಾದಗಳಲ್ಲಿ ಯಾವುದಕ್ಕೆ ತಿರುಳಿದೆ, ಯಾವುದಕ್ಕಿಲ್ಲ ಎಂಬುದಷ್ಟೇ ಇಲ್ಲಿದೆ.

ಪೆನ್ನಿನ ಪರಿಚಯ ಚಿಕ್ಕದಾಗಿ. ಜರ್ಮನಿಯ ಹೈಡಲ್‌ಬರ್ಗ್‌ನ ಲ್ಯಾಮಿ ಕಂಪನಿ ಇದನ್ನು 1980ರಲ್ಲಿ ಮಾರುಕಟ್ಟೆಗೆ ತಂದಿತು, ವಿನ್ಯಾಸ ವೋಲ್ಫ್‌ಗಾಂಗ್ ಫಾಬಿಯಾನ್ ಅವರದು. ಶಾಲೆಗೆ ಹೋಗುವ ವಯಸ್ಸಿನವರನ್ನು ಮನಸ್ಸಿನಲ್ಲಿಟ್ಟು ಮಾಡಿದ ಪೆನ್. ಎಬಿಎಸ್ ಪ್ಲಾಸ್ಟಿಕ್ಕಿನ ಒಡಲು, ತೂಕ ಸುಮಾರು 17 ಗ್ರಾಂ, ಬಗ್ಗಿಸಿದ ತಂತಿಯಂಥ ದೊಡ್ಡ ಕ್ಲಿಪ್, ಒತ್ತಿದರೆ ಕೂರುವ ಕ್ಯಾಪ್, ಇಂಕ್ ಎಷ್ಟಿದೆ ಎಂದು ನೋಡಲು ಒಡಲಲ್ಲೇ ಕೊರೆದ ಕಿಂಡಿ. ನಿಬ್ಬು ಸ್ಟೀಲಿನದು. ಕಾರ್ಟ್ರಿಜ್ (ಇಂಕ್ ತುಂಬಿಯೇ ಬರುವ ಕೊಳವೆ) ಹಾಕುವುದಾದರೆ ಲ್ಯಾಮಿಯದೇ ಟಿ10 ಬೇಕು, ಬೇರೆ ಪೆನ್ನುಗಳಿಗೆ ಹೊಂದುವ ಸಾಮಾನ್ಯ ಅಳತೆಯ ಕಾರ್ಟ್ರಿಜ್ ಇದಕ್ಕೆ ಕೂರುವುದಿಲ್ಲ. ಹೊಸ ಪೆನ್ನಿನ ಒಳಗೆ ಒಂದು ರಟ್ಟಿನ ಉಂಗುರ ಇರುತ್ತದೆ. ಸಾಗಣೆಯಲ್ಲಿ ಕಾರ್ಟ್ರಿಜ್ ತಾನಾಗಿ ಚುಚ್ಚಿಕೊಳ್ಳದಿರಲಿ ಎಂದು ಇಟ್ಟದ್ದು ಅದು. ಅದನ್ನು ತೆಗೆಯದೆ ಬಿಗಿ ಮಾಡಿ ‘ಪೆನ್ ಬರೆಯುತ್ತಲೇ ಇಲ್ಲ’ ಎನ್ನುವ ದೂರು ಇವತ್ತಿಗೂ ಬರುತ್ತಿದೆ.

ಹಿಡಿತದ ವಾದ ಎಂದೂ ಮುಗಿಯದ್ದು. ಸಫಾರಿಯ ಹಿಡಿಕೆಯ ಎರಡು ಬದಿ ಚಪ್ಪಟೆ. ಹೆಬ್ಬೆರಳು ಮತ್ತು ತೋರುಬೆರಳು ಅಲ್ಲೇ ಕೂರಬೇಕು. ಹಾಗೆ ಹಿಡಿಯುವವರಿಗೆ ನಿಬ್ಬು ಪ್ರತಿ ಸಲವೂ ಒಂದೇ ಕೋನದಲ್ಲಿ ಕಾಗದಕ್ಕೆ ತಾಗುತ್ತದೆ, ದೀರ್ಘ ಬರವಣಿಗೆಯಲ್ಲಿ ಅಕ್ಷರ ಸಮನಾಗಿ ಬರುವುದಕ್ಕೆ ಇದು ದೊಡ್ಡ ನೆರವು. ಪೆನ್ನನ್ನು ಸ್ವಲ್ಪ ಹೊರಳಿಸಿ ಹಿಡಿಯುವವರಿಗೆ, ನಾಲ್ಕು ಬೆರಳಿನಲ್ಲಿ ಹಿಡಿಯುವವರಿಗೆ ಅಂಚು ಒತ್ತುತ್ತದೆ. ಈ ಎರಡು ಗುಂಪಿನವರೂ ತಮ್ಮ ಕೈಯನ್ನೇ ಲೋಕದ ಕೈ ಎಂದು ತಿಳಿದು ಜಗಳಕ್ಕೆ ಇಳಿಯುತ್ತಾರೆ. ಹತ್ತು ನಿಮಿಷ ಎಡೆಬಿಡದೆ ಬರೆದು ನೋಡಿದರೆ ನಿಮ್ಮ ಕೈ ಯಾವ ಗುಂಪಿನದು ಎಂದು ಗೊತ್ತಾಗುತ್ತದೆ. ಅಂಗಡಿಯಲ್ಲಿ ಒಂದು ಸಹಿ ಹಾಕಿ ನೋಡಿದರೆ ಗೊತ್ತಾಗುವುದಿಲ್ಲ.

ಇನ್ನು ‘ಈ ಪೆನ್ ಇಂಕ್ ಕಕ್ಕುತ್ತದೆ’, ‘ಈ ಪೆನ್ ಬರೀ ಒಣ’ ಎಂಬ ತೀರ್ಪುಗಳು. ಇಂಕ್ ಪೆನ್ನಿನ ಕುರಿತು ಅತಿ ಹೆಚ್ಚು ಕೇಳಿಬರುವ ಮಾತು ಇದೇ, ಅತಿ ಕಡಿಮೆ ಉಪಯೋಗವಿರುವ ಮಾತೂ ಇದೇ. ಪೆನ್ನಿನಿಂದ ಕಾಗದಕ್ಕೆ ಇಳಿಯುವ ಇಂಕ್ ನಾಲ್ಕು ಸಂಗತಿಗಳ ಕೂಡಿಕೆ: ನಿಬ್ಬಿನ ಸೀಳು ಎಷ್ಟು ಅಗಲ, ನಿಬ್ಬಿನ ಅಡಿಯಲ್ಲಿದ್ದು ಅದಕ್ಕೆ ಇಂಕ್ ತಂದುಕೊಡುವ ಫೀಡ್ ಎಷ್ಟು ಶುಚಿ, ಇಂಕ್ ಎಷ್ಟು ಸಲೀಸಾಗಿ ಹರಿಯುವಂಥದ್ದು, ಕಾಗದ ಎಷ್ಟು ಹೀರುತ್ತದೆ. ಇಂಕಿನ ಹೆಸರಿಲ್ಲದೆ, ಕಾಗದದ ಹೆಸರಿಲ್ಲದೆ ‘ಒಣ’ ಎಂದರೆ ಕೇಳುವವರಿಗೆ ತಿಳಿಯುವುದು ಏನೂ ಇಲ್ಲ. ಹವ್ಯಾಸಿಗಳು ಮಾಡುವ ದೊಡ್ಡ ಎಡವಟ್ಟು ಇಲ್ಲಿದೆ: ಪೆನ್ ಸರಿ ಬರೆಯಲಿಲ್ಲ ಎಂದು ಇಂಕ್, ನೋಟ್‌ಬುಕ್, ನಿಬ್ಬು ಮೂರನ್ನೂ ಒಂದೇ ಸಂಜೆ ಬದಲಾಯಿಸುತ್ತಾರೆ, ಆಮೇಲೆ ಹೊಸ ನಿಬ್ಬನ್ನು ಹೊಗಳುತ್ತಾರೆ. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಬೇಕು. ಮೊದಲು ತೊಳೆಯಿರಿ, ಆಮೇಲೆ ಇಂಕ್ ಬದಲಿಸಿ, ಆಮೇಲೆ ಕಾಗದ. ನಿಬ್ಬಿಗೆ ಕೈ ಹಾಕುವುದು ಎಲ್ಲಕ್ಕಿಂತ ಕೊನೆಗೆ.

ಹೊಸ ಪೆನ್ನನ್ನು ತೊಳೆಯದೆ ಇಂಕ್ ತುಂಬುವುದು ಬೇಡ. ಯಾವ ಕಂಪನಿಯ ಪೆನ್ನಿನಲ್ಲಾದರೂ ತಯಾರಿಕೆಯ ಎಣ್ಣೆಯ ಪಸೆ ಫೀಡಿನ ಸಣ್ಣ ಕಾಲುವೆಗಳಲ್ಲಿ ಉಳಿದಿರಬಹುದು. ಎಣ್ಣೆ ಇದ್ದಲ್ಲಿ ನೀರಿನಾಧಾರದ ಇಂಕ್ ಹಿಡಿಯುವುದಿಲ್ಲ, ಗೀಟು ನಡುನಡುವೆ ತುಂಡಾಗುತ್ತದೆ. ಒಂದು ಲೋಟ ತಣ್ಣೀರಿಗೆ ಪಾತ್ರೆ ತೊಳೆಯುವ ದ್ರವದ ಒಂದೆರಡು ಹನಿ ಹಾಕಿ, ಕನ್ವರ್ಟರ್ ತಿರುಗಿಸಿ ಹತ್ತು ಸಲ ಎಳೆದು ಬಿಡಿ, ಆಮೇಲೆ ಬರಿ ನೀರಿನಲ್ಲಿ ಮತ್ತೆ ಹತ್ತು ಸಲ. ಬಿಸಿನೀರು ಬೇಡ, ಪ್ಲಾಸ್ಟಿಕ್ ಭಾಗ ಸೊಟ್ಟಗಾಗುತ್ತದೆ. ಸ್ಪಿರಿಟ್, ಥಿನ್ನರ್ ಅಂತೂ ಹತ್ತಿರ ತರಬಾರದು. ಕೊನೆಗೆ ನಿಬ್ಬನ್ನು ಕೆಳಮುಖವಾಗಿ ಟಿಶ್ಯೂ ಕಾಗದದ ಮೇಲೆ ರಾತ್ರಿಯಿಡೀ ನಿಲ್ಲಿಸಿದರೆ ಉಳಿದ ನೀರನ್ನು ಟಿಶ್ಯೂ ಹೀರಿಕೊಳ್ಳುತ್ತದೆ. ನೀರು ಉಳಿದಲ್ಲಿ ಮೊದಲ ಒಂದೆರಡು ಪುಟ ಇಂಕ್ ತೆಳುವಾಗಿ ಬರುತ್ತದೆ. ಅದನ್ನೇ ನೋಡಿ ಇಂಕ್ ಸರಿಯಿಲ್ಲ ಎಂದು ಬರೆಯುವವರೂ ಇದ್ದಾರೆ.

ತುಂಬುವಾಗ ನಿಬ್ಬು ಪೂರ್ತಿ ಇಂಕಿನಲ್ಲಿ ಮುಳುಗಿರಬೇಕು. ತುಂಬಿದ ಮೇಲೆ ಕನ್ವರ್ಟರನ್ನು ಹಿಂದಕ್ಕೆ ತಿರುಗಿಸಿ ಎರಡು ಮೂರು ಹನಿ ಬಾಟಲಿಗೇ ಬಿಟ್ಟು, ನಿಬ್ಬು ಮೇಲೆ ಮಾಡಿ ಅದೇ ಹನಿಗಳಷ್ಟು ಗಾಳಿ ಎಳೆದುಕೊಳ್ಳಿ. ಫೀಡಿನಲ್ಲಿ ತುಂಬಿ ನಿಂತ ಹೆಚ್ಚುವರಿ ಇಂಕ್ ಇದರಿಂದ ಇಳಿಯುತ್ತದೆ. ‘ತುಂಬಿದ ಕೂಡಲೇ ಕಕ್ಕುತ್ತದೆ’ ಎಂಬ ದೂರಿನ ಬಹುಭಾಗ ಈ ಒಂದು ಹೆಜ್ಜೆ ತಪ್ಪಿಸಿದ್ದರಿಂದ ಬಂದದ್ದು. ಕನ್ವರ್ಟರಿಗೆ ಹಿಡಿಯುವುದು ಮುಕ್ಕಾಲು ಮಿಲಿಲೀಟರಿನ ಆಸುಪಾಸು, ಕಾರ್ಟ್ರಿಜ್‌ಗೆ ಅದಕ್ಕಿಂತ ಹೆಚ್ಚು. ಅಂದರೆ 50 ಮಿಲಿಲೀಟರಿನ ಒಂದು ಬಾಟಲಿಯಿಂದ ಅರವತ್ತಕ್ಕೂ ಹೆಚ್ಚು ಸಲ ತುಂಬಬಹುದು. ಈ ಲೆಕ್ಕವನ್ನು ಇಂಕ್ ಕೂಡಿಡುವವರ ಮುಂದೆ ಇಟ್ಟರೆ ಸಾಕು, ಮಾತು ಬೇರೆ ಕಡೆ ತಿರುಗುತ್ತದೆ. ಬಣ್ಣದ ಮೋಹ ತಪ್ಪಲ್ಲ. ಮೂವತ್ತು ಬಾಟಲಿ ಇಟ್ಟುಕೊಂಡು ಯಾವ ಒಂದನ್ನೂ ಪೂರ್ತಿ ಒಂದು ತಿಂಗಳು ಬರೆದು ನೋಡದೆ ಸಲಹೆ ಕೊಡುವುದು ಮಾತ್ರ ಹೊಸಬರಿಗೆ ಮಾಡುವ ಅನ್ಯಾಯ. ಒಂದು ಇಂಕಿನ ಗುಣ ತಿಳಿಯುವುದು ಪೆನ್ನಿನಲ್ಲಿ ಅದು ಮೂರು ವಾರ ಕೂತ ಮೇಲೆ: ನೀರಿನಂಶ ಆರಿ ಬಣ್ಣ ಗಾಢವಾಗುತ್ತದೆಯೇ, ಬೆಳಿಗ್ಗೆ ಕ್ಯಾಪ್ ತೆಗೆದಾಗ ಮೊದಲ ಅಕ್ಷರ ಮೂಡುತ್ತದೆಯೇ, ತೊಳೆದರೆ ಹೋಗುತ್ತದೆಯೇ.

ಒಡಲನ್ನೇ ಇಂಕಿನ ತೊಟ್ಟಿ ಮಾಡಿಕೊಳ್ಳಿ, ಸಿಲಿಕೋನ್ ಗ್ರೀಸ್ ಹಚ್ಚಿ ಡ್ರಾಪರ್‌ನಿಂದ ತುಂಬಿ, ಪದೇ ಪದೇ ತುಂಬುವ ಕೆಲಸ ತಪ್ಪುತ್ತದೆ ಎಂಬ ಸಲಹೆ ಪ್ಲಾಸ್ಟಿಕ್ ಪೆನ್ ಎಂದ ಕೂಡಲೇ ಕೇಳಿಬರುತ್ತದೆ. ಸಫಾರಿಗೆ ಅದು ಆಗದ ಮಾತು. ಒಡಲಿನಲ್ಲಿ ಕಿಂಡಿ ಇದೆ, ಇಂಕ್ ನೇರ ಮೇಜಿಗೆ ಬರುತ್ತದೆ. ಪೆನ್ ಕೈಯಲ್ಲಿ ಹಿಡಿದು ನೋಡದವರೂ ಧೈರ್ಯವಾಗಿ ಉತ್ತರ ಕೊಡುತ್ತಾರೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಬಂಗಾರದ ನಿಬ್ಬಿನ ವಾದಕ್ಕೆ ಬರೋಣ. ಈ ಪೆನ್ನಿನ ಒಂದು ಅನುಕೂಲ ಎಂದರೆ ಆ ವಾದವನ್ನು ಇದರಲ್ಲೇ ಪರೀಕ್ಷಿಸಬಹುದು. ಲ್ಯಾಮಿಯ ದುಬಾರಿ ಪೆನ್ನುಗಳ 14 ಕ್ಯಾರೆಟ್ ನಿಬ್ಬುಗಳಲ್ಲಿ ಕೆಲವು ಸಫಾರಿಯ ಫೀಡಿಗೂ ಸರಿಯಾಗಿ ಕೂರುತ್ತವೆ. ಒಡಲು ಅದೇ, ಫೀಡ್ ಅದೇ, ಇಂಕ್ ಅದೇ, ಬದಲಾದದ್ದು ನಿಬ್ಬು ಮಾತ್ರ. ಬರೆದರೆ ಒಂದಿಷ್ಟು ಮೆದು, ಒತ್ತಿದಾಗ ಕೊಂಚ ಬಾಗಿ ಮರಳುವ ಗುಣ ಇದೆ. ಅಷ್ಟೇ. ‘ಬಂಗಾರವಾದರೆ ನುಣುಪು’ ಎಂಬುದಕ್ಕೆ ಆಧಾರವಿಲ್ಲ, ಏಕೆಂದರೆ ಕಾಗದಕ್ಕೆ ತಾಗುವುದು ಬಂಗಾರವಲ್ಲ. ಸ್ಟೀಲಿರಲಿ ಬಂಗಾರವಿರಲಿ, ತುದಿಯಲ್ಲಿ ಬೆಸೆದಿರುವುದು ಬೇರೊಂದು ಗಟ್ಟಿ ಮಿಶ್ರಲೋಹದ ಸಣ್ಣ ಗುಂಡು. ನುಣುಪು ಆ ಗುಂಡಿನ ಉಜ್ಜುವಿಕೆಯದು. ನಿಬ್ಬಿಗೆ ಬಂಗಾರ ಬಂದದ್ದೇ ಬೇರೆ ಕಾರಣಕ್ಕೆ: ಹಳೆಯ ಕಾಲದ ಕಬ್ಬಿಣದಂಶದ ಇಂಕ್ ಆಮ್ಲೀಯವಾಗಿತ್ತು, ಆಗಿನ ಉಕ್ಕನ್ನು ತಿನ್ನುತ್ತಿತ್ತು, ಬಂಗಾರವನ್ನು ತಿನ್ನುತ್ತಿರಲಿಲ್ಲ. ಇವತ್ತಿನ ತುಕ್ಕು ಹಿಡಿಯದ ಸ್ಟೀಲಿಗೆ ದಿನಬಳಕೆಯ ಇಂಕುಗಳಿಂದ ಆ ಭಯವಿಲ್ಲ. 14 ಕ್ಯಾರೆಟ್ ಅಂದರೆ ನೂರಕ್ಕೆ 58.5 ಪಾಲು, 18 ಅಂದರೆ 75 ಪಾಲು ಬಂಗಾರ. ಆ ಅಂಕೆ ಏರಿದಂತೆ ಬರವಣಿಗೆ ಚೆನ್ನಾಗುತ್ತದೆ ಎಂದು ಹೇಳುವವರ ಜೊತೆ ವಾದಕ್ಕೆ ನಿಲ್ಲಬೇಕಿಲ್ಲ. ನಿಬ್ಬು ಎಷ್ಟು ಬಾಗುತ್ತದೆ ಎಂಬುದನ್ನು ಲೋಹದಷ್ಟೇ ಅದರ ದಪ್ಪ, ಉದ್ದ, ಆಕಾರಗಳೂ ತೀರ್ಮಾನಿಸುತ್ತವೆ.

ನಿಬ್ಬು ಬದಲಾಯಿಸುವ ವಿಧಾನ ಸರಳ, ಸಫಾರಿಯನ್ನು ಇಷ್ಟಪಡಲು ಇದೇ ದೊಡ್ಡ ಕಾರಣ. ನಿಬ್ಬಿನ ಬೆನ್ನಿಗೆ ಒಂದು ತುಂಡು ಅಂಟುಪಟ್ಟಿ ಗಟ್ಟಿಯಾಗಿ ಒತ್ತಿ, ನೇರ ಮುಂದಕ್ಕೆ ಎಳೆಯಿರಿ. ಅಡ್ಡಕ್ಕೆ ತಿರುಚಬೇಡಿ. ಹೊಸದನ್ನು ಫೀಡಿನ ಎರಡು ಅಂಚಿಗೆ ಸರಿಹೊಂದಿಸಿ ಹೆಬ್ಬೆರಳಿಂದ ಹಿಂದಕ್ಕೆ ತಳ್ಳಿದರೆ ಕೂರುತ್ತದೆ. ಫೀಡನ್ನು ಕೀಳಬೇಡಿ, ಅದು ಬಿಗಿಯಿಂದಲೇ ನಿಂತಿರುವ ಭಾಗ, ಪದೇ ಪದೇ ಕಿತ್ತರೆ ಸಡಿಲಾಗಿ ಸೋರುತ್ತದೆ.

ನಿಬ್ಬು ಪರಪರ ಕೆರೆದರೆ? ಇಲ್ಲಿ ಹವ್ಯಾಸಿಗಳ ಸಲಹೆ ನಿಜಕ್ಕೂ ಹಾನಿ ಮಾಡುತ್ತದೆ. ‘ಮೈಕ್ರೋಮೆಶ್ (ತುಂಬ ನುಣುಪಾದ ಉಜ್ಜುಹಾಳೆ) ತಂದು ಉಜ್ಜಿ’ ಎಂದು ಮೊದಲ ಮಾತಿಗೇ ಹೇಳಿಬಿಡುತ್ತಾರೆ. ಕೆರೆಯುವ ನಿಬ್ಬುಗಳಲ್ಲಿ ಹೆಚ್ಚಿನವಕ್ಕೆ ಉಜ್ಜುವ ಅಗತ್ಯವೇ ಇಲ್ಲ. 10 ಪಟ್ಟು ದೊಡ್ಡದಾಗಿ ತೋರಿಸುವ ಲೂಪ್‌ನಲ್ಲಿ ನಿಬ್ಬಿನ ತುದಿಯನ್ನು ಎದುರಿನಿಂದ ನೋಡಿ. ಸೀಳಿನ ಎರಡು ಪಕ್ಕದ ಕವಲುಗಳು ಒಂದೇ ಮಟ್ಟದಲ್ಲಿ ಇಲ್ಲದಿದ್ದರೆ ಕಾರಣ ಅದೇ. ಮೇಲೆದ್ದ ಕವಲನ್ನು ಉಗುರಿನಿಂದ ಕೆಳಕ್ಕೆ ಮೆಲ್ಲಗೆ ಐದು ಸೆಕೆಂಡು ಒತ್ತಿ ಬಿಡಿ, ಮತ್ತೆ ನೋಡಿ. ಎರಡು ಮೂರು ಸಲಕ್ಕೆ ಸರಿಹೋಗುತ್ತದೆ. ಎಡಕ್ಕೆ ಎಳೆದಾಗ ಮಾತ್ರ ಅಥವಾ ಬಲಕ್ಕೆ ಎಳೆದಾಗ ಮಾತ್ರ ಕೆರೆಯುತ್ತಿದ್ದರೆ ದೋಷ ಇದೇ ಎಂದು ಬಹುಮಟ್ಟಿಗೆ ಖಚಿತ. ಮಟ್ಟ ಸರಿಯಿದ್ದೂ ಎಲ್ಲ ದಿಕ್ಕಿನಲ್ಲೂ ಕೆರೆದರೆ ಆಗ 12000 ಗ್ರಿಟ್‌ನ ಮೈಕ್ರೋಮೆಶ್, ಇಂಕ್ ತುಂಬಿದ ನಿಬ್ಬಿನಲ್ಲೇ, ಒತ್ತದೆ, ಎಂಟರ ಆಕಾರದಲ್ಲಿ ಐದಾರು ಸುತ್ತು, ಬರೆದು ನೋಡಿ, ಬೇಕಿದ್ದರೆ ಮತ್ತೆ ಐದಾರು. ಮಿತಿ ಮೀರಿದರೆ ಸೀಳಿನ ಒಳಂಚುಗಳು ಉರುಟಾಗಿ, ಇಂಕ್ ಕಾಗದಕ್ಕೆ ತಾಗದಷ್ಟು ಮೇಲೆ ನಿಲ್ಲುತ್ತದೆ. ಆಗ ಪೆನ್ ಬೆಣ್ಣೆಯಂತೆ ಜಾರುತ್ತದೆ, ಆದರೆ ಪ್ರತಿ ಪದದ ಮೊದಲ ಗೀಟು ಬೀಳುವುದಿಲ್ಲ. ಉಜ್ಜಿ ಹೋದ ಲೋಹ ಮರಳಿ ಬಾರದು.

ಇಂಕ್ ಕಡಿಮೆ ಇಳಿಯುತ್ತಿದ್ದು, ತೊಳೆದರೂ ಇಂಕ್ ಬದಲಿಸಿದರೂ ಸರಿಹೋಗದಿದ್ದರೆ 0.05 ಮಿಲಿಮೀಟರಿನ ಹಿತ್ತಾಳೆ ಹಾಳೆಯನ್ನು ಸೀಳಿನೊಳಗೆ ಮೇಲಿನಿಂದ ಇಳಿಸಿ, ತುದಿಯವರೆಗೆ ನಾಲ್ಕೈದು ಸಲ ಆಡಿಸಿ. ಒಣಗಿದ ಇಂಕ್, ಕಾಗದದ ನಾರು ಎರಡೂ ಬರುತ್ತವೆ. ಬ್ಲೇಡು ಹಾಕಬೇಡಿ, ಸೀಳಿನ ಅಂಚು ಕೊಯ್ದು ಹೋಗುತ್ತದೆ.

ಕಾಗದದ ಬಗ್ಗೆ ಒಂದೇ ಮಾತು: ಗ್ರಾಂ ಲೆಕ್ಕ (ಒಂದು ಚದರ ಮೀಟರ್ ಕಾಗದದ ತೂಕ) ನೋಡಿ ಕೊಳ್ಳಬೇಡಿ. 52 ಗ್ರಾಂನ ಟೊಮೊಯೆ ರಿವರ್ ಕಾಗದದ ಮೇಲೆ ಇಂಕ್ ಹರಡದೆ ನಿಲ್ಲುತ್ತದೆ, ಅದರ ಎರಡರಷ್ಟು ತೂಕದ ಎಷ್ಟೋ ಕಾಗದಗಳಲ್ಲಿ ಅಕ್ಷರಕ್ಕೆ ಬೇರು ಒಡೆಯುತ್ತದೆ. ತಡೆಯುವುದು ಕಾಗದಕ್ಕೆ ಹಾಕಿದ ಅಂಟಿನ ಲೇಪ, ದಪ್ಪವಲ್ಲ. ಅದಕ್ಕೆ ತೆರುವ ಬೆಲೆ ಎಂದರೆ ಇಂಕ್ ಆರಲು ತಡವಾಗುತ್ತದೆ. ಬರೆದ ಕೂಡಲೇ ಪುಟ ತಿರುಗಿಸುವವರಿಗೆ ಮಾಮೂಲಿ ಕಾಗದ ಮತ್ತು ಇಎಫ್ (ಎಕ್ಸ್‌ಟ್ರಾ ಫೈನ್, ಎಫ್‌ಗಿಂತಲೂ ಸಣ್ಣ ಗೀಟಿನ) ನಿಬ್ಬು ಹೆಚ್ಚು ಅನುಕೂಲ.

ದೀರ್ಘ ಬಳಕೆಯಲ್ಲಿ ಸವೆಯುವುದು ಏನು? ಎಬಿಎಸ್ ಒಡಲು ಉಜ್ಜಿಸಿಕೊಂಡಲ್ಲಿ ಹೊಳೆಯತೊಡಗುತ್ತದೆ, ಒರಟು ಮೇಲ್ಮೈಯ ಬಣ್ಣಗಳಲ್ಲಿ ಇದು ಬೇಗ ಕಾಣುತ್ತದೆ. ಕನ್ವರ್ಟರಿನ ಪಿಸ್ಟನ್ ಬಿಗಿಯಾಗುತ್ತಾ ಹೋಗುತ್ತದೆ. ಕಡ್ಡಿಯ ತುದಿಯಲ್ಲಿ ಚೂರೇ ಚೂರು ಸಿಲಿಕೋನ್ ಗ್ರೀಸ್ ಒಳಗೋಡೆಗೆ ಸವರಿದರೆ ಮತ್ತೆ ಸಲೀಸು. ಕನ್ವರ್ಟರನ್ನು ಸವೆಯುವ ಬಿಡಿಭಾಗ ಎಂದೇ ಲೆಕ್ಕ ಹಾಕಿ. ನಿಬ್ಬಿನ ತುದಿ ಮಾತ್ರ ಮಾಮೂಲಿ ಬರವಣಿಗೆಗೆ ಸುಲಭದಲ್ಲಿ ಸವೆಯದು. ಅದು ಹಾಳಾಗುವುದು ನೆಲಕ್ಕೆ ಬಿದ್ದು, ಇಲ್ಲವೇ ಮೈಕ್ರೋಮೆಶ್‌ನಿಂದ.

ತೊಳೆಯುವುದು ಇಂಕ್ ಬದಲಿಸುವಾಗಲೆಲ್ಲ, ಒಂದೇ ಇಂಕ್ ಆದರೆ ತಿಂಗಳು ಎರಡು ತಿಂಗಳಿಗೊಮ್ಮೆ. ಮಿನುಗಿನ ಕಣಗಳಿರುವ ಇಂಕ್ ಹಾಕಿದರೆ ಇನ್ನೂ ಬೇಗ, ಕಣಗಳು ಫೀಡಿನಲ್ಲಿ ಕೂರುತ್ತವೆ. ಗಟ್ಟಿಯಾಗಿ ಕೂತ ಇಂಕಿಗೆ ಹತ್ತು ಪಾಲು ನೀರಿಗೆ ಒಂದು ಪಾಲು ಮನೆಬಳಕೆಯ ಅಮೋನಿಯಾ ದ್ರಾವಣ ಸಾಕು, ಬ್ಲೀಚ್ ಜೊತೆ ಎಂದೂ ಬೆರೆಸಬಾರದು, ವಿಷಾನಿಲ ಬರುತ್ತದೆ. ಕಬ್ಬಿಣದಂಶದ ಇಂಕಿಗೆ ಅಮೋನಿಯಾ ಬೇಡವೇ ಬೇಡ, ಕ್ಷಾರದಲ್ಲಿ ಕಬ್ಬಿಣ ಗಸಿಯಾಗಿ ಕೂರುತ್ತದೆ. ಅದನ್ನು ಬರಿ ನೀರಿನಲ್ಲಿ ಮೇಲಿಂದ ಮೇಲೆ ತೊಳೆಯುವುದೇ ಸರಿ. ಅರಗಿನಂಶ ಇರುವ ಡ್ರಾಯಿಂಗ್ ಇಂಕನ್ನು ಈ ಪೆನ್ನಿಗಾಗಲಿ ಬೇರೆ ಯಾವ ಫೀಡ್ ಇರುವ ಪೆನ್ನಿಗಾಗಲಿ ಹಾಕಬೇಡಿ, ಒಣಗಿದರೆ ಯಾವ ತೊಳೆತಕ್ಕೂ ಹೋಗುವುದಿಲ್ಲ.

ಹಿಡಿಕೆ ಕೈಗೆ ಹೊಂದುವವರು ಸಫಾರಿಯನ್ನು ಧಾರಾಳವಾಗಿ ಕೊಳ್ಳಬಹುದು. ಸಣ್ಣ ಅಕ್ಷರದವರಿಗೆ ಇಎಫ್, ಉಳಿದವರಿಗೆ ಎಫ್, ಎಡಗೈಯವರಿಗೆ ಎಲ್‌ಎಚ್ ನಿಬ್ಬು ಇದೆ. ಸಾಮಾನ್ಯವಾಗಿ ಪೆನ್ನಿನ ಜೊತೆ ಕಾರ್ಟ್ರಿಜ್ ಮಾತ್ರ ಬರುತ್ತದೆ, ಬಾಟಲಿ ಇಂಕ್ ಬಳಸುವವರು ಝಡ್28 ಕನ್ವರ್ಟರನ್ನು ಬೇರೆಯಾಗಿ ತೆಗೆದುಕೊಳ್ಳಬೇಕು.