ಮಗನ ತೂಕ ಕೇಳದೆ ಕೊಟ್ಟ ಸಿರಪ್: ನಮಗಾದದ್ದು ನಿಮಗಾಗಬಾರದು

ಮನೆಯಲ್ಲಿ ಹನ್ನೆರಡು ಹದಿಮೂರು ವರ್ಷದ ಮಕ್ಕಳಿರುವವರು ದಯವಿಟ್ಟು ಇದನ್ನು ಓದಿ.

ಕೊಡಗಿನ ನಾಪೋಕ್ಲಿನ ಹತ್ತಿರ ನಮ್ಮ ತೋಟ. ದೊಡ್ಡ ಮಗನಿಗೆ 13 ವರ್ಷ. ಕಕ್ಕಡ ತಿಂಗಳ ಜೋರು ಮಳೆಯಲ್ಲಿ ಅವನಿಗೆ ಜ್ವರ, ಗಂಟಲು ನೋವು ಶುರುವಾಯಿತು. ಹೊಳೆ ತುಂಬಿತ್ತು, ಕರೆಂಟ್ ಇರಲಿಲ್ಲ. ಮಡಿಕೇರಿಗೆ ಕರೆದುಕೊಂಡು ಹೋಗುವ ಬದಲು ಮೆಡಿಕಲ್‌ಗೆ ಫೋನ್ ಮಾಡಿದೆ.

"ವಯಸ್ಸೆಷ್ಟಕ್ಕಾ?"

"ಹದಿಮೂರು."

"ಹಾಗಾದ್ರೆ ಮಕ್ಕಳ ಸಿರಪ್ಪೇ ಸಾಕು. ಬೆಳಿಗ್ಗೆ 5 ಎಂಎಲ್, ರಾತ್ರಿ 5 ಎಂಎಲ್ ಕೊಡಿ."

ತೂಕ ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಅಮಾಕ್ಸಿಸಿಲಿನ್ ಅನ್ನೋ ಆಂಟಿಬಯೋಟಿಕ್ ಪುಡಿಯ ಬಾಟಲಿ ಬಂತು. ಕಾಯಿಸಿ ಆರಿಸಿದ ನೀರನ್ನು ಗೆರೆಯವರೆಗೆ ಹಾಕಿ ಕುಲುಕಿ, ಹೊತ್ತಿಗೆ ಸರಿಯಾಗಿ ನಾಲ್ಕು ದಿನ ಕೊಟ್ಟೆ. ಎರಡನೇ ದಿನ ಜ್ವರ ಸ್ವಲ್ಪ ಇಳಿಯಿತು. ಔಷಧಿ ಹಿಡಿಯಿತು ಅಂದುಕೊಂಡೆ.

ಆಗಸ್ಟ್ 3ಕ್ಕೆ ಕಕ್ಕಡ ಹದಿನೆಂಟು, ಕೊಡಗಿನಲ್ಲಿ ಮದ್ದು ಸೊಪ್ಪಿನ ಅಡುಗೆ ಮಾಡಿ ತಿನ್ನುವ ದಿನ. ಮದ್ದು ಸೊಪ್ಪಿನ ಪಾಯಸ ಅಂದ್ರೆ ಅವನಿಗೆ ಪ್ರಾಣ. ಅವತ್ತು ಒಂದು ಚಮಚವೂ ನುಂಗಲಾಗಲಿಲ್ಲ. ಬಾಯಿ ಎರಡು ಬೆರಳಿನಷ್ಟೂ ತೆರೆಯುತ್ತಿರಲಿಲ್ಲ. ಬಾಯಲ್ಲಿ ಬಿಸಿ ಅನ್ನ ಇಟ್ಟುಕೊಂಡು ಮಾತಾಡಿದ ಹಾಗೆ ದನಿ. ಜೊಲ್ಲು ನುಂಗಲಾಗದೆ ಟವೆಲಿಗೆ ಒರೆಸಿಕೊಳ್ಳುತ್ತಿದ್ದ. ಆ ಮಳೆಯಲ್ಲೇ ಜೀಪು ಹತ್ತಿಸಿದೆವು.

ಟಾನ್ಸಿಲ್ ಪಕ್ಕ ಕೀವು ಕಟ್ಟಿತ್ತು. ಸೂಜಿ ಹಾಕಿ ತೆಗೆದರು. ಡ್ರಿಪ್ಪಿನಲ್ಲಿ ಔಷಧಿ ಕೊಟ್ಟರು, ಮೂರು ರಾತ್ರಿ ಆಸ್ಪತ್ರೆಯಲ್ಲಿದ್ದೆವು. ಡಾಕ್ಟ್ರು ಮೊದಲು ಮಾಡಿದ ಕೆಲಸ ಅವನನ್ನು ತೂಕದ ಮಿಷನ್ ಮೇಲೆ ನಿಲ್ಲಿಸಿದ್ದು. 46 ಕಿಲೋ. ಆಮೇಲೆ ನನ್ನ ಬಾಟಲಿ ಕೇಳಿ ನೋಡಿದರು. ಅದರಲ್ಲಿ 5 ಎಂಎಲ್‌ಗೆ 125 ಮಿಲಿಗ್ರಾಂ. ಅಂದರೆ ದಿನಕ್ಕೆ ಬರೀ 250. "ಇದು ಸಣ್ಣ ಕೂಸಿಗೆ ಕೊಡೋ ಅಳತೆಯಮ್ಮಾ" ಅಂದರು. ಸ್ಟ್ರೆಪ್ಟೊಕಾಕಸ್ ಅನ್ನೋ ಬ್ಯಾಕ್ಟೀರಿಯಾದಿಂದ ಬರುವ ಗಂಟಲು ಸೋಂಕಿಗೆ ಅಮಾಕ್ಸಿಸಿಲಿನ್ ಲೆಕ್ಕ ದಿನಕ್ಕೆ ಕಿಲೋಗೆ 50 ಮಿಲಿಗ್ರಾಂ, ಆದರೆ 1000 ದಾಟಬಾರದು, 10 ದಿನ ಕೊಡಬೇಕು. ಇವನಿಗೆ 1000 ಬೇಕಿತ್ತು. ನಾನು ಕೊಟ್ಟದ್ದು ಕಾಲು ಭಾಗ. ಸರಿಯಾದ ಡೋಸ್ ಕೊಟ್ಟರೂ ಒಮ್ಮೊಮ್ಮೆ ಕೀವಾಗುತ್ತದೆ ಅಂತಲೂ ಅವರು ಹೇಳಿದರು. ಆದರೂ ನನಗೆ ಇವತ್ತಿಗೂ ಸಮಾಧಾನ ಇಲ್ಲ. ಈ ಸೋಂಕನ್ನು ಅರೆಬರೆ ಬಿಟ್ಟರೆ ಮುಂದೆ ರುಮಾಟಿಕ್ ಜ್ವರ ಬಂದು ಹೃದಯದ ಕವಾಟ ಹಾಳಾಗಬಹುದು, 5ರಿಂದ 15 ವರ್ಷದವರಲ್ಲಿ ಅದು ಜಾಸ್ತಿ ಅಂತ ಕೇಳಿದ ಮೇಲಂತೂ ನಿದ್ದೆಯೇ ಬರಲಿಲ್ಲ.

ಈ ವಯಸ್ಸಿನಲ್ಲಿ ಒಬ್ಬ 28 ಕಿಲೋ ಇರುತ್ತಾನೆ, ಪಕ್ಕದ ಬೆಂಚಿನವನು 55. ಒಂದೇ ಕ್ಲಾಸು, ಒಂದೇ ವಯಸ್ಸು. 40 ಕಿಲೋ ದಾಟಿದವರಿಗೆ ಅಮಾಕ್ಸಿಸಿಲಿನ್ ಸಾಮಾನ್ಯವಾಗಿ ದೊಡ್ಡವರ ಡೋಸೇ. ಅದಕ್ಕಿಂತ ಕಡಿಮೆ ಇದ್ದರೆ ಕಿಲೋ ಲೆಕ್ಕ. ಹಾಗಂತ ಸಣಕಲು ಹುಡುಗನಿಗೆ ಅಪ್ಪನ ಉಳಿದ 625 ಮಾತ್ರೆ (ಅಮಾಕ್ಸಿಸಿಲಿನ್ ಜೊತೆ ಕ್ಲಾವುಲನೇಟ್ ಅನ್ನೋ ಇನ್ನೊಂದು ಔಷಧಿ ಸೇರಿಸಿದ್ದು) ಕೊಡಬೇಡಿ. ಅದರಲ್ಲಿರುವ ಕ್ಲಾವುಲನೇಟ್ ಜಾಸ್ತಿಯಾದರೆ ಭೇದಿ ಹಿಡಿಯುತ್ತದೆ. ಕಿಡ್ನಿ ತೊಂದರೆ ಇದ್ದರೆ ಲೆಕ್ಕವೇ ಬೇರೆ, ಪೆನಿಸಿಲಿನ್ ಅಲರ್ಜಿ ಇದ್ದರೆ ಈ ಔಷಧಿಯನ್ನೇ ಕೊಡಬಾರದು. ಕೆಮ್ಮು, ಮೂಗು ಸೋರುವುದರ ಜೊತೆ ಬರುವ ಗಂಟಲು ನೋವು ಹೆಚ್ಚಾಗಿ ವೈರಸ್ಸಿನದು, ಅದಕ್ಕೆ ಆಂಟಿಬಯೋಟಿಕ್ ಬೇಕಾಗುವುದೇ ಇಲ್ಲ. ಇದನ್ನೆಲ್ಲ ಫೋನಿನಲ್ಲಿ ತೀರ್ಮಾನ ಮಾಡೋಕಾಗುತ್ತದಾ? ಡಾಕ್ಟ್ರು ಗಂಟಲು ನೋಡಲೇಬೇಕು, ಅಲ್ವಾ?

ನಮ್ಮ ಗೋಡೌನಿನಲ್ಲಿ ಕಾಫಿ ತೂಗುವ ದೊಡ್ಡ ತಕ್ಕಡಿ ಇದೆ. ಕುಯ್ಲಿನ ಕಾಲದಲ್ಲಿ ಪ್ರತಿ ಸಂಜೆ ಪ್ರತಿಯೊಬ್ಬರ ಹಣ್ಣನ್ನೂ ತೂಗಿ ಬರೆದಿಡುತ್ತೇನೆ. ಮಗನನ್ನು ಮಾತ್ರ ಒಮ್ಮೆಯೂ ಅದರ ಮೇಲೆ ನಿಲ್ಲಿಸಿರಲಿಲ್ಲ. ಈಗ ಇಬ್ಬರು ಮಕ್ಕಳ ತೂಕವೂ ತಾರೀಖಿನ ಸಮೇತ ಅದೇ ಪುಸ್ತಕದ ಕೊನೆ ಹಾಳೆಯಲ್ಲಿದೆ.

ಬಾಯಿ ತೆರೆಯಲಾಗದಿದ್ದರೆ, ಜೊಲ್ಲು ಸುರಿದರೆ, ದನಿ ಬದಲಾದರೆ, ಕುತ್ತಿಗೆ ಒಂದು ಕಡೆ ಊದಿದರೆ, ಉಸಿರಿಗೆ ಕಷ್ಟವಾದರೆ ಮಳೆ ನಿಲ್ಲಲಿ ಅಂತ ಕಾಯಬೇಡಿ. ಆಗಲೇ ಹೊರಡಿ. ಕೊಡುತ್ತಿದ್ದ ಔಷಧಿಯ ಬಾಟಲಿಯನ್ನೂ ಜೊತೆಗೆ ತೆಗೆದುಕೊಂಡು ಹೋಗಿ.